ಹುಬ್ಬೆತ್ತಿದಾಗ ರೆಪ್ಪೆ ಎಲ್ಲಿರುತ್ತದೆ

ನೇತ್ರವೈದ್ಯದಲ್ಲಿ ಕಣ್ಣಿಗೆ ಸಿಕ್ಕ ಮರ್ಯಾದೆ ರೆಪ್ಪೆಗೆ ಸಿಕ್ಕಿಲ್ಲ. ಮಸೂರವನ್ನು ಕುರಿತು, ಅಕ್ಷಿಪಟಲವನ್ನು ಕುರಿತು ದಪ್ಪ ದಪ್ಪ ಗ್ರಂಥಗಳು ಬರುತ್ತಲೇ ಇರುತ್ತವೆ. ಅವನ್ನೆಲ್ಲ ಹಗಲೂ ಇರುಳೂ ಕಾಯುವ ರೆಪ್ಪೆಗೂ, ಆ ರೆಪ್ಪೆಯ ಒಳಮೈಗೆ ಅಂಟಿಕೊಂಡು ಮೇಲೆ ಹೋಗಿ, ಅಲ್ಲಿ ಹೊರಳಿ ಬಂದು ಬಿಳಿಗುಡ್ಡೆಯನ್ನು ಹೊದೆಯುವ ತೆಳುವಾದ ಒಳಪೊರೆಗೂ ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟ ಸಿಕ್ಕರೆ ಪುಣ್ಯ. ಆ ನಾಲ್ಕು ಪುಟಗಳನ್ನೇ ಬದುಕಾಗಿ ಮಾಡಿಕೊಂಡವರು, ಪೆಸಿಫಿಕ್ ಸಾಗರದ ನಮ್ಮ ಕಿರಿಬಾಸ್ ದ್ವೀಪಗಳಲ್ಲಿ ದೋಣಿ ಮುಟ್ಟುವ ಕಡೆಗೆಲ್ಲ ಹೋಗಿ ರೆಪ್ಪೆಗಳನ್ನು ಮಗುಚಿ ನೋಡಿದವರು, ನೋಡುವುದನ್ನು ಒಂದು ಪೀಳಿಗೆಗೆ ಕಲಿಸಿದವರು ನೇತ್ರವೈದ್ಯೆ ಡಾ. ತೆರಾಕಾ ಇಯೋಬಿ. ಅವರು ಈ ವರ್ಷ ಸರಕಾರಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ದೇವರಾಗಿಬಿಡುತ್ತಾರೆ ಎಂಬುದು ಓದುವವರಿಗೂ ಬರೆಯುವವರಿಗೂ ಗೊತ್ತಿರುವ ಸಂಗತಿ. ಸಂಪಾದಕ ಮಂಡಳಿಯವರು ಒಪ್ಪಿಗೆ ಕೇಳಲು ಹೋದಾಗ ತೆರಾಕಾ ಅವರು ಮೀನು ಹೆಚ್ಚುತ್ತಿದ್ದವರು ತಲೆಯೆತ್ತದೆ ಹೇಳಿದ್ದು ಇಷ್ಟು: “ಬರೀರಿ. ಆದ್ರೆ ಬಕೋವಾ ಅಜ್ಜನ ಎಡಗಣ್ಣು ಬರೀದೆ ಬಿಟ್ರೆ ಆ ಪುಸ್ತಕ ನಾನು ಮುಟ್ಟಲ್ಲ.” ಆದ್ದರಿಂದ ಅವರ ಪದವಿಗಳ, ಪದಕಗಳ ವಿವರ ಬೇಕಾದವರು ಗ್ರಂಥದ ಬೇರೆ ಲೇಖನಗಳನ್ನು ನೋಡಬಹುದು. ಇಲ್ಲಿರುವುದು ಒಬ್ಬ ಮನುಷ್ಯನ ಎರಡು ರೆಪ್ಪೆಗಳ ವೃತ್ತಾಂತ. ಅವುಗಳಲ್ಲಿ ಒಂದನ್ನು ನಮ್ಮ ಸನ್ಮಾನಿತರು ಕೆಡಿಸಿದರು.

ಮೊದಲು ರೆಪ್ಪೆ ಎಂದರೇನು ಎಂಬುದನ್ನು ತೆರಾಕಾ ಅವರ ಕ್ರಮದಲ್ಲೇ ಹೇಳುವುದು ಒಳ್ಳೆಯದು. ರಾಜಧಾನಿ ತರಾವಾದ ಶುಶ್ರೂಷಾ ಶಾಲೆಯಲ್ಲಿ ಅವರ ಮೊದಲ ಪಾಠಕ್ಕೆ ಚಿತ್ರಪಟವಿರಲಿಲ್ಲ. ವಿದ್ಯಾರ್ಥಿಗಳು ತಮ್ಮ ತಮ್ಮ ಮೇಲಿನ ರೆಪ್ಪೆಯನ್ನು ತಾವೇ ಮಗುಚಿಕೊಳ್ಳಬೇಕಿತ್ತು. ನಮ್ಮ ಊರುಗಳಲ್ಲಿ ತಂಗಿಯರನ್ನು ಹೆದರಿಸಲಿಕ್ಕೆಂದು ಹುಡುಗರು ರೆಪ್ಪೆ ಮಗುಚಿ ಕೆಂಪು ತೋರಿಸುವುದುಂಟಷ್ಟೆ. ಅಂಥ ತುಂಟರೇ ಮುಂದೆ ಒಳ್ಳೆಯ ಪರೀಕ್ಷಕರಾಗುತ್ತಾರೆಂದು ಅವರ ನಂಬಿಕೆ. ಎಲ್ಲರ ರೆಪ್ಪೆ ಮಗುಚಿಕೊಂಡ ಮೇಲೆ ಪಾಠ ಶುರುವಾಗುತ್ತಿತ್ತು. ಹೊರಗೆ ಚರ್ಮ, ದೇಹದಲ್ಲೇ ಅತಿ ತೆಳುವಾದದ್ದು. ಅದರ ಕೆಳಗೆ ಕಣ್ಣು ಮುಚ್ಚಿಸುವ ಸ್ನಾಯು. ಅದರ ಕೆಳಗೆ ರೆಪ್ಪೆಗೆ ಆಕಾರ ಕೊಡುವ ಗಟ್ಟಿ ಪಟ್ಟಿ, ಅದರೊಳಗೆ ಸಾಲಾಗಿ ಎಣ್ಣೆಯ ಗ್ರಂಥಿಗಳು. ಎಲ್ಲಕ್ಕೂ ಒಳಗೆ, ಕಣ್ಣಿಗೆ ತಾಗಿ ಜಾರುವ ಒಳಪೊರೆ. ರೆಪ್ಪೆಯ ಅಂಚನ್ನು ಬೆಳಕಿಗೆ ಹಿಡಿದರೆ ನಡುವೆ ಒಂದು ಬೂದುಗೆರೆ ಕಾಣುತ್ತದೆ. ಚರ್ಮ ಮತ್ತು ಸ್ನಾಯು ಆ ಗೆರೆಯ ಮುಂದೆ, ಪಟ್ಟಿ ಮತ್ತು ಪೊರೆ ಹಿಂದೆ. “ಈ ಎರಡು ಪದರ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತೆ. ಅಂಟಿಲ್ಲ. ಒಂದರ ಮೇಲೊಂದು ಜಾರುತ್ತೆ. ಇದು ಮರೆತವರು ನನ್ನ ಹಾಗೆ ಆಗ್ತಾರೆ,” ಎಂದು ಅವರು ಹೇಳುತ್ತಿದ್ದುದನ್ನು ಹೊಸ ವಿದ್ಯಾರ್ಥಿಗಳು ವಿನಯವೆಂದು ತಿಳಿಯುತ್ತಿದ್ದರು.

ಟ್ರಕೋಮ ಎಂಬ ರೋಗ ಈ ಒಳಪೊರೆಯಲ್ಲಿ ಮನೆ ಮಾಡುತ್ತದೆ. ಎಳವೆಯಲ್ಲಿ ಮತ್ತೆ ಮತ್ತೆ ಬಂದು, ಸಣ್ಣ ಸಣ್ಣ ಬಿಳಿ ಗುಳ್ಳೆಗಳನ್ನೆಬ್ಬಿಸಿ, ಹೋಗುವಾಗ ಕಲೆ ಬಿಟ್ಟು ಹೋಗುತ್ತದೆ. ಆ ಕಲೆ ದಶಕಗಳ ಕಾಲ ಮೆಲ್ಲಗೆ ಸುರುಟುತ್ತಾ ಬಂದು ಗಟ್ಟಿ ಪಟ್ಟಿಯನ್ನೇ ಒಳಕ್ಕೆ ಬಾಗಿಸುತ್ತದೆ. ಆಗ ರೆಪ್ಪೆಗೂದಲು ಹೊರಗೆ ನೋಡುವುದನ್ನು ಬಿಟ್ಟು ಕಣ್ಣನ್ನೇ ಉಜ್ಜತೊಡಗುತ್ತದೆ. ಕಣ್ಣು ಮಿಟುಕಿಸಿದಾಗಲೆಲ್ಲ ಒಂದು ಗೀರು. ಮುಂದಿನ ಗಾಜಿನಂಥ ಪದರ ಬೆಳ್ಳಗಾಗುತ್ತಾ ಆಗುತ್ತಾ ಒಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ಮನೆಮದ್ದು ಚಿಮಟ: ಹೆಂಡತಿ ಗಂಡನ, ಮಗಳು ತಾಯಿಯ ಕೂದಲು ಕೀಳುವುದು. ಕಿತ್ತದ್ದು ಹತ್ತು ದಿನದಲ್ಲಿ ಮೋಟಾಗಿ, ಮೊದಲಿಗಿಂತ ಚೂಪಾಗಿ ಬರುತ್ತದೆ. ವೈದ್ಯರ ಮದ್ದೆಂದರೆ ರೆಪ್ಪೆಯ ಅಂಚಿನಿಂದ ಸ್ವಲ್ಪ ಮೇಲೆ, ಅಂಚಿಗೆ ಸಮನಾಗಿ, ನಾಲ್ಕೂ ಪದರಗಳನ್ನು ಕೊಯ್ದು, ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುವುದು. ಹೊಲಿಗೆ ಸಡಿಲವಾದರೆ ಕೂದಲು ಮತ್ತೆ ಒಳಕ್ಕೆ. ಬಿಗಿಯಾದರೆ ರೆಪ್ಪೆ ಹೊರಗೆ ಸೆಟೆದು ಮುಚ್ಚುವುದೇ ಇಲ್ಲ.

ಈ ಶಸ್ತ್ರಕ್ರಿಯೆಯನ್ನು ತೆರಾಕಾ ಅವರು ಕಲಿತದ್ದು ನೇಪಾಳದ ಬಯಲುಸೀಮೆಯ ಒಂದು ಶಿಬಿರದಲ್ಲಿ. ಅಲ್ಲಿ ಅವರ ಕೈ ಹೇಗಿತ್ತೆಂದರೆ, ಜೊತೆಯವರು ತಮ್ಮ ರೋಗಿಗಳನ್ನು ಇವರ ಸಾಲಿಗೆ ತಳ್ಳಿ ಚಹಾ ಕುಡಿಯಲು ಹೋಗುತ್ತಿದ್ದರಂತೆ. ಆ ಹೆಸರು ಹೊತ್ತು ಊರಿಗೆ ಮರಳಿದವರು ಮೊದಲು ಹೋದದ್ದು ತಾಯಿಯ ತವರಾದ ನುಕುರೋವಾ ಎಂಬ ನಡುಗಡ್ಡೆಗೆ. ಅಲ್ಲಿ ಆಸ್ಪತ್ರೆ ಇಲ್ಲ. ಊರಿನ ಸಭೆ, ಊಟ, ಕುಣಿತ, ಜಗಳ ಎಲ್ಲ ನಡೆಯುವ ದೊಡ್ಡ ಹುಲ್ಲುಮಾಡಿನ ಮನೇಬಾದಲ್ಲೇ ಕೇದಗೆ ಚಾಪೆ ಹಾಸಿ ಶಸ್ತ್ರಕ್ರಿಯೆ. ರೋಗಿಯ ನೆಂಟರಿಷ್ಟರೆಲ್ಲ ಸುತ್ತ ಕೂತಿರುತ್ತಾರೆ. ಹೊರಗಿನವರು ಹಿರಿಯರ ತಲೆ ಮುಟ್ಟುವುದು ನಮ್ಮಲ್ಲಿ ಇಲ್ಲದ ಮಾತಾದ್ದರಿಂದ, ತಲೆ ಹಿಡಿಯಲು ರೋಗಿಯ ಮನೆಯವರೇ ಒಬ್ಬರು ಬೇಕು.

ಮೊದಲು ಮಲಗಿದವರು ಊರಿನ ದೋಣಿ ಕಟ್ಟುವ ಹಿರಿಯ ಬಕೋವಾ. ನಮ್ಮ ಹಾಯಿದೋಣಿಯ ಎರಡು ಮಗ್ಗುಲು ಒಂದೇ ಥರ ಇರುವುದಿಲ್ಲ, ಒಂದು ಕಡೆ ಹೆಚ್ಚು ಉಬ್ಬಿರಬೇಕು. ಆ ಉಬ್ಬನ್ನು ಬಕೋವಾ ಕೋಲು ಹಿಡಿದು ಅಳೆದವರಲ್ಲ. ಮೂತಿಯ ಕಡೆ ಕೂತು ಒಂದು ಕಣ್ಣು ಮುಚ್ಚಿ ನೋಡಿ, “ಇನ್ನೊಂಚೂರು ಕೆತ್ತು,” ಎನ್ನುತ್ತಿದ್ದರು. ಅವರ ಎರಡೂ ರೆಪ್ಪೆ ಒಳಕ್ಕೆ ಸುರುಟಿದ್ದವು. ಎಡಗಣ್ಣು ಮಬ್ಬಾಗಿತ್ತು, ಬಲಗಣ್ಣು ಇನ್ನೂ ಸ್ವಚ್ಛವಾಗಿತ್ತು. ಕೆಟ್ಟದ್ದನ್ನು ಮೊದಲು ಸರಿಮಾಡುವುದು ಕ್ರಮವಾದ್ದರಿಂದ ತೆರಾಕಾ ಅವರು ಎಡರೆಪ್ಪೆಗೆ ಚುಚ್ಚುಮದ್ದು ಕೊಟ್ಟರು. ಹೆಂಡತಿ ರೂತಿಯಾ ತಲೆ ಹಿಡಿದು ಕೂತರು.

ಇಂಥ ಗ್ರಂಥಗಳಲ್ಲಿ ಸನ್ಮಾನಿತರ ಕರುಣೆಯ ಪ್ರಸಂಗವೊಂದು ಇರಲೇಬೇಕು. ಇದೇ ಅದು. ಮಲಗಿದವರಿಗೆ ಧೈರ್ಯ ಹೇಳುತ್ತಿರಬೇಕೆಂದು ನೇಪಾಳದಲ್ಲಿ ಕಲಿಸಿದ್ದರು. ಅಲ್ಲದೆ ಮಲಗಿದವರು ತಾಯಿಯ ಊರಿನ ಅಜ್ಜ. ತೆರಾಕಾ ಅವರು ಕೊಯ್ಯುತ್ತಾ, ಹೊಲಿಯುತ್ತಾ ಮತ್ತೆ ಮತ್ತೆ ವಿಚಾರಿಸಿಕೊಂಡರು. “ಅಜ್ಜ, ಆರಾಮಾಗಿದ್ದೀರಾ?” “ಅಜ್ಜ, ಇನ್ನು ಸ್ವಲ್ಪ, ತಡ್ಕೋತೀರಾ?” ರೂತಿಯಾ ಕೇಳಿದರು, ಮೊಮ್ಮಕ್ಕಳು ಕೇಳಿದರು, ಆಚೆ ಕಂಬಕ್ಕೊರಗಿ ಕೂತವರೂ ಕೇಳಿದರು. ಅಜ್ಜ ಎಲ್ಲರಿಗೂ ಸಾವಧಾನವಾಗಿ ಉತ್ತರ ಕೊಟ್ಟರು, ಒಂದು ಮಾತೂ ಆಡದೆ.

ಹದಿನೈದು ದಿನದಲ್ಲಿ ಫಲಿತಾಂಶ ಗೊತ್ತಾಯಿತು. ರೆಪ್ಪೆ ಹೊರಗೆ ಸೆಟೆದಿತ್ತು, ಅಂಚು ಅಂಕುಡೊಂಕಾಗಿತ್ತು. ಮುಚ್ಚಿದರೂ ಮುಚ್ಚದ ಆ ಕಣ್ಣು ಗಾಳಿಗೆ, ಉಪ್ಪಿಗೆ ಒಣಗಿ ಇದ್ದ ಮಬ್ಬು ಬೆಳಕನ್ನೂ ಕಳೆದುಕೊಂಡಿತು. ಅದೇ ವಾರ ಅದೇ ಮನೇಬಾದಲ್ಲಿ ಮಾಡಿದ ಇನ್ನೆರಡು ರೆಪ್ಪೆಗಳ ಗತಿಯೂ ಹೆಚ್ಚುಕಡಿಮೆ ಅದೇ ಆಗಿತ್ತು. ಹಿರಿಯರು ಸಭೆ ಸೇರಿ ತೀರ್ಮಾನ ಮಾಡಿದರು: ನುಕುರೋವಾದಲ್ಲಿ ಇನ್ನು ಯಾರೂ ರೆಪ್ಪೆಗೆ ಕತ್ತಿ ತಾಗಿಸಬಾರದು. ತೆರಾಕಾ ಅವರನ್ನು ಯಾರೂ ಬೈಯಲಿಲ್ಲ. ಬುತ್ತಿಗೆ ಸುಟ್ಟ ದೀವಿಹಲಸು ಕಟ್ಟಿಕೊಟ್ಟು, ದೋಣಿಯವರೆಗೂ ಬಂದು ಕಳಿಸಿಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ತರಾವಾಕ್ಕೆ ಮರಳಿದ ಮೇಲೆ ಬೇರೆಯವರಿಗೆ ಕಾಣುವಂತೆ ಏನೂ ಕೆಡಲಿಲ್ಲ. ಆಸ್ಪತ್ರೆಗೆ ಬಂದರು, ಹನಿ ಹಾಕಿದರು, ಕನ್ನಡಕ ಬರೆದುಕೊಟ್ಟರು. ಕತ್ತಿಯನ್ನು ಮಾತ್ರ ಮುಟ್ಟಲಿಲ್ಲ. ಒಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನೇಪಾಳದಲ್ಲಿ ಸರಿಹೋದ ಕೈ, ಅದೇ ಕತ್ತಿ, ಅದೇ ದಾರ, ತಾಯಿಯ ಊರಿನಲ್ಲಿ ಯಾಕೆ ತಪ್ಪಿತು? ಕೈ ನಡುಗಿತೆ ಎಂದರೆ ಇಲ್ಲ. ಪುಸ್ತಕ ತೆಗೆದು ಆ ನಾಲ್ಕು ಪುಟಗಳನ್ನು ಬಾಯಿಪಾಠವಾಗುವಷ್ಟು ಸಲ ಓದಿದರು. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಇಷ್ಟರಲ್ಲಿ ಬಕೋವಾ ಅಜ್ಜನ ಬಲಗಣ್ಣೂ ಕೆಂಪೇರಿದೆ, ರೂತಿಯಾ ದಿನ ಬಿಟ್ಟು ದಿನ ಕೂದಲು ಕೀಳುತ್ತಿದ್ದಾರೆ, ಅಜ್ಜ ದೋಣಿಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ ಎಂಬ ಸುದ್ದಿ ನುಕುರೋವಾದಿಂದ ಬಂದವರ ಬಾಯಲ್ಲಿ ಬರುತ್ತಲೇ ಇತ್ತು. ಆ ಕಣ್ಣೂ ಹೋದರೆ ಅಜ್ಜನಿಗೆ ಕತ್ತಲೆ. ಅದನ್ನು ಉಳಿಸುವುದಕ್ಕೆ ದಾರಿ ಒಂದೇ, ಆ ದಾರಿಯನ್ನು ಕೆಡಿಸಿದವರು ತಾವೇ.

ಮಾರನೆಯ ವರ್ಷ ಸೋದರಮಾವ ತೀರಿಕೊಂಡದ್ದರಿಂದ ಅವರು ನುಕುರೋವಾಕ್ಕೆ ಹೋಗಬೇಕಾಯಿತು. ಉಪಕರಣದ ಪೆಟ್ಟಿಗೆಯನ್ನು ಬೇಕೆಂದೇ ತರಾವಾದಲ್ಲಿ ಬಿಟ್ಟಿದ್ದರು. ಸಾವಿನ ಊಟ ಮುಗಿದ ಮೇಲೆ ಬಕೋವಾ ಅವರ ಮನೆಯ ಚಾವಡಿಗೆ ಹೋಗಿ ಕೂತರು. ಅಜ್ಜ ಅಂಗಾತ ಮಲಗಿದ್ದರು, ರೂತಿಯಾ ಚಿಮಟ ಹಿಡಿದು ಬಲರೆಪ್ಪೆಯ ಮೇಲೆ ಬಾಗಿದ್ದರು. ಹೆಂಗಸರಿಬ್ಬರ ನಡುವೆ ಮಾತು ಸಹಜವಾಗಿ ನಡೆಯಿತು.

“ಇವರಿಗೆ ಎಷ್ಟು ಹೇಳಿದ್ರೂ ನೆಟ್ಟಗೆ ಮಲಗಲ್ಲ ಕಣೆ,” ಎಂದರು ರೂತಿಯಾ. “ರೀ, ಇದು ಮುಗಿದ ಮೇಲೆ ನೀರಾ ಕುಡೀತೀರಾ?”

ಅಜ್ಜ ಹುಬ್ಬು ಮೇಲೆತ್ತಿದರು. ಹೌದೆನ್ನುವುದಕ್ಕೆ ನಮ್ಮಲ್ಲಿ ಬಾಯಿ ತೆರೆಯುವವರು ಪಾದ್ರಿಗಳೂ ರಾಜಕಾರಣಿಗಳೂ ಮಾತ್ರ. ಉಳಿದವರಿಗೆ ಹುಬ್ಬೆತ್ತಿದರೆ ಸಾಕು. ಚಿಮಟದಿಂದ ಕೂದಲು ಜಾರಿತು.

“ನೋಡು, ಹೋಯ್ತು. ಒಂದು ಗಳಿಗೆ ಅಲ್ಲಾಡದೆ ಇರಕ್ಕೇನು ರೋಗ ನಿಮಗೆ?”

“ನೀನು ಕೇಳ್ತಾ ಇರು, ನಾನು ಉತ್ತರ ಕೊಡಬಾರದು. ಇದ್ಯಾವ ನ್ಯಾಯ?” ಎಂದರು ಅಜ್ಜ.

ತೆರಾಕಾ ಅವರು ಸರಿದು ಹತ್ತಿರ ಕೂತರು. “ಅಜ್ಜೀ, ಇನ್ನೊಂದ್ಸಲ ಕೇಳಿ ಅವರನ್ನ.”

“ಏನು ಕೇಳಲಿ?”

“ಏನಾದ್ರೂ. ಹೌದು ಅನ್ನೋ ಥರದ್ದು.”

ರೂತಿಯಾ ಗಂಡನ ಮುಖ ನೋಡಿ, “ನನ್ನ ಕಟ್ಟಿಕೊಂಡು ಸುಖವಾಗಿದ್ದೀರಾ?” ಎಂದು ಕೇಳಿದರು. ಅಜ್ಜ ಸ್ವಲ್ಪ ಯೋಚಿಸಿ ಹುಬ್ಬೆತ್ತಿದರು. ತೆರಾಕಾ ಅವರು ನಗಲಿಲ್ಲ. ಅವರು ನೋಡುತ್ತಿದ್ದುದು ರೆಪ್ಪೆಯನ್ನು. ಹಣೆಯ ಸ್ನಾಯು ಹುಬ್ಬನ್ನು ಎಳೆದಾಗ ರೆಪ್ಪೆಯ ಚರ್ಮವೂ ಅದರ ಹಿಂದೆ ಮೇಲಕ್ಕೆ ಜಾರುತ್ತಿತ್ತು. ಕೆಳಗಿನ ಗಟ್ಟಿ ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಮರಗಟ್ಟಿಸುವ ಮದ್ದು ಕೊಡುವುದು ರೆಪ್ಪೆಗೆ, ಹಣೆಗಲ್ಲ. ಹುಬ್ಬು ಏರಿದಾಗ ಚರ್ಮದಲ್ಲಿ ಕೊಯ್ದ ಗೆರೆ ಒಂದು, ಇಳಿದಾಗ ಪಟ್ಟಿಯಲ್ಲಿ ಕೊಯ್ದ ಗೆರೆ ಇನ್ನೊಂದು. ಏರಿದಾಗ ಬಿಗಿದ ಗಂಟು ಇಳಿದ ಮೇಲೆ ತೀರಾ ಬಿಗಿ. ನೇಪಾಳದವರು ಕೇಳಿದ್ದಕ್ಕೆಲ್ಲ “ಹಾಂ” ಎಂದು ಬಾಯಲ್ಲೇ ಉತ್ತರಿಸಿದ್ದರು, ಆದ್ದರಿಂದ ಅಲ್ಲಿ ರೆಪ್ಪೆ ಕದಲಿರಲಿಲ್ಲ. ಇಲ್ಲಿ ತಾವು ಕಕ್ಕುಲಾತಿಯಿಂದ ಕೇಳಿದ ಒಂದೊಂದು ಮಾತಿಗೂ ಅಜ್ಜ ಕೊಯ್ಯುತ್ತಿರುವ ರೆಪ್ಪೆಯಿಂದಲೇ ಹೌದೆಂದಿದ್ದರು.

ತಿಂಗಳೊಳಗೆ ಪೆಟ್ಟಿಗೆಯೊಂದಿಗೆ ಮರಳಿ ಬಂದು, ಮನೇಬಾದಲ್ಲಿ ತಾಯಿಯ ಮನೆಯವರಿಗೆ ಮೀಸಲಾದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಹಿರಿಯರಲ್ಲಿ ಅಪ್ಪಣೆ ಕೇಳಿದರು. ಮೂಲೆಯಿಂದ ಒಬ್ಬ ಹಿರಿಯರು, “ಹೋದ ಸಲ ಎಡಗಣ್ಣು ತಗೊಂಡು ಹೋದೆ. ಬಲಗಣ್ಣು ಮರೆತು ಹೋಗಿತ್ತೇನಮ್ಮ?” ಎಂದರು. ಕೆಲವರು ನಕ್ಕರು. ತೆರಾಕಾ ಅವರು ತಲೆ ತಗ್ಗಿಸಿಕೊಂಡೇ, ರೆಪ್ಪೆಯ ಪದರಗಳಿಂದ ಹಿಡಿದು ಹಣೆಯ ಸ್ನಾಯುವಿನವರೆಗೆ ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದರು.

“ಅಂದ್ರೆ ಹುಬ್ಬೆತ್ತಿದ್ದಕ್ಕೆ ಕಣ್ಣು ಹೋಯ್ತು ಅಂತೀಯಾ?” ಎಂದು ಅದೇ ಹಿರಿಯರು ಕೇಳಿದರು. “ಹಾಗಾದ್ರೆ ತಪ್ಪು ಬಕೋವಾಂದೇ ಅನ್ನು.”

“ಅಲ್ಲ ಅಜ್ಜ. ಕೇಳಿದವಳು ನಾನು. ನಾನೇನು ಹೊರಗಿಂದ ಬಂದವಳಾ? ಇದೇ ಚಾಪೆ ಮೇಲೆ ಆಡಿ ಬೆಳೆದವಳು. ಹೌದು ಅನ್ನಕ್ಕೆ ನಾವು ಏನು ಮಾಡ್ತೀವಿ ಅಂತ ನಂಗೇ ನೆನಪಿಲ್ದೆ ಹೋಯ್ತು.”

ಎಲ್ಲರೂ ಬಕೋವಾ ಅವರ ಕಡೆ ತಿರುಗಿದರು. ಅವರ ಬಲಗಣ್ಣಿನಿಂದ ನೀರಿಳಿಯುತ್ತಿತ್ತು. ಎಡಗಣ್ಣು ತನ್ನ ಪಾಡಿಗೆ ತೆರೆದುಕೊಂಡಿತ್ತು.

“ಒಂದು ಮಾತು,” ಎಂದರು ಬಕೋವಾ. “ಈ ಕಣ್ಣೂ ಕೆಟ್ರೆ ಇವಳನ್ನ ಇನ್ನು ಈ ದಡಕ್ಕೆ ಇಳಿಸಬೇಡಿ. ಬೇರೆ ಯಾರೂ ಇವಳ ಮುಂದೆ ಮಲಗೋದು ಬೇಡ. ಹೋದ್ರೆ ನನ್ನೊಬ್ಬನ ಕಣ್ಣು ಹೋಗಲಿ. ಸರಿಹೋದ್ರೆ ಎಲ್ಲರೂ ಮಲಗಿ.”

“ಹಾಗಾದ್ರೆ ಮಾಡಿಸ್ಕೋತೀಯಾ?” ಎಂದು ಸಭೆಯ ಹಿರಿಯರು ವಿಧಿಪೂರ್ವಕವಾಗಿ ಕೇಳಿದರು.

ಬಕೋವಾ ಹಣೆಯನ್ನು ಕದಲಿಸದೆ, ಬಾಯಿ ದೊಡ್ಡದಾಗಿ ತೆರೆದು, “ಹೂಂ,” ಎಂದರು. ಮನೇಬಾ ಮಾಡು ಹಾರುವಂತೆ ನಕ್ಕಿತು.

ಮರುದಿನ ಬೆಳಗ್ಗೆ ನಡೆದ ಶಸ್ತ್ರಕ್ರಿಯೆಯಲ್ಲಿ ಹೇಳಿಕೊಳ್ಳುವಂಥದ್ದು ಮೌನ ಒಂದೇ. ತೆರಾಕಾ ಅವರು ನೆರೆದವರಿಗೆಲ್ಲ ಕಟ್ಟುನಿಟ್ಟು ಮಾಡಿದ್ದರು: ಯಾರೂ ಏನೂ ಕೇಳಕೂಡದು. ನೋವಾದರೆ ಅಜ್ಜನೇ ಹೇಳುತ್ತಾರೆ, ಹೇಳದಿದ್ದರೆ ನೋವಿಲ್ಲ. ಮಳೆಗೂ ಮರಣಕ್ಕೂ ಮಾತು ನಿಲ್ಲಿಸದ ನಮ್ಮ ಜನ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ಕಂಡವರು ಇನ್ನೂ ಇದ್ದಾರೆ. ರೂತಿಯಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಡುವೆ ಒಮ್ಮೆ ಅವರ ತುಟಿ ಅಲ್ಲಾಡಿತು, ತೆರಾಕಾ ಕಣ್ಣೆತ್ತಿ ನೋಡಿದರು, ತುಟಿ ನಿಂತಿತು. ತೆರಾಕಾ ಅವರಿಗೂ ಅದು ಕಷ್ಟದ ಮೌನ. ಕೈಕೆಳಗೆ ಮಲಗಿದವರಿಗೆ ಒಂದು ಸಮಾಧಾನದ ಮಾತು ಆಡದೆ, ಕಟುಕಿಯ ಹಾಗೆ, ಗೆರೆ ಎಳೆದರು, ಕೊಯ್ದರು, ಅಂಚನ್ನು ಹೊರಕ್ಕೆ ತಿರುಗಿಸಿದರು, ಗಂಟು ಬಿಗಿದರು. ಅಂಚಿನ ಪಕ್ಕದ ಸಣ್ಣ ರಕ್ತನಾಳ ಚಿಮ್ಮಿದಾಗ ಒತ್ತಿ ಹಿಡಿದು ಕಾದರು. ಹಣೆ ಮಾತ್ರ ಮೊದಲಿಂದ ಕೊನೆಯವರೆಗೆ ಸಂಜೆಯ ಕೊಳದ ಹಾಗೆ ಇತ್ತು.

ದೋಣಿ ಬರುವುದು ವಾರಕ್ಕೊಮ್ಮೆಯಾದ್ದರಿಂದ ಹೊಲಿಗೆ ಬಿಚ್ಚುವವರೆಗೆ ಅವರು ರೂತಿಯಾ ಅವರ ಮನೆಯಲ್ಲೇ ಉಳಿದರು. ಕಣ್ಣಿಗೆ ಕಟ್ಟಿದ್ದ ಬಟ್ಟೆ ತೆಗೆದಾಗ ಬಾವು ಇತ್ತು, ಏನೂ ಹೇಳುವ ಹಾಗಿರಲಿಲ್ಲ. ಬಾವು ಇಳಿಯುವ ತನಕ ತೆರಾಕಾ ಅವರಿಗೆ ಊಟ ಸೇರಲಿಲ್ಲ. ರೂತಿಯಾ ಮೀನಿನ ತಲೆಯನ್ನೇ ಎತ್ತಿ ಬಡಿಸಿದರೂ ತಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಹೊಲಿಗೆ ಬಿಚ್ಚಿದ ದಿನ ಬಕೋವಾ ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ರೆಪ್ಪೆ ಸಲೀಸಾಗಿ ಇಳಿದು ಕೂತಿತು. ಕೂದಲೆಲ್ಲ ಹೊರಗೆ ನೋಡುತ್ತಿತ್ತು. ಅಜ್ಜ ಎದ್ದು ನೇರ ದೋಣಿಮನೆಗೆ ನಡೆದರು. ತೆರಾಕಾ ಅವರೂ ಹಿಂದೆ ಹೋದರು. ಅಜ್ಜನ ಸೋದರಳಿಯಂದಿರು ಒಂದು ವರ್ಷದಿಂದ ಕಟ್ಟುತ್ತಿದ್ದ ದೋಣಿ ಅಲ್ಲಿತ್ತು. ಬಕೋವಾ ಮೂತಿಯ ಕಡೆ ಕುಕ್ಕರಗಾಲಲ್ಲಿ ಕೂತು ನೋಡಿದರು.

“ಇದನ್ನ ಕಟ್ಟಿದವನು ಯಾವನು? ನೀರಿಗಿಳಿಸಿದ್ರೆ ಏಡಿ ಥರ ಅಡ್ಡಡ್ಡ ಹೋಗುತ್ತೆ.”

ಮನೇಬಾದ ಹೊರಗೆ ಚಿಮಟವನ್ನೇ ನಂಬಿಕೊಂಡಿದ್ದವರ ಸಾಲು ಮಧ್ಯಾಹ್ನವೇ ನಿಂತಿತು. ಆದರೆ ಸಾಲಿನ ಮೊದಲಲ್ಲಿ ಚಾಪೆ ಸುರುಳಿ ಹಿಡಿದು ಬಂದು ಕೂತವರು ಮತ್ತೆ ಬಕೋವಾ.

“ನಿಮ್ಮದು ಮುಗೀತಲ್ಲ ಅಜ್ಜ,” ಎಂದರು ತೆರಾಕಾ.

“ಎಡಗಣ್ಣು ಯಾರು ಮಾಡ್ತಾರೆ?”

“ಅದಕ್ಕೆ ಬೆಳಕು ಬರಲ್ಲ ಅಜ್ಜ. ನಾನು ಏನು ಮಾಡಿದ್ರೂ ಬರಲ್ಲ,” ಎಂದರು ತೆರಾಕಾ.

“ಬೆಳಕು ಯಾರು ಕೇಳಿದ್ರು? ಇದು ಮುಚ್ಚಲ್ಲ. ನಾನು ನಿದ್ದೆ ಹೊಡೀತಿದ್ರೆ, ಎಚ್ಚರ ಇದ್ದಾನೆ ಅಂತ ಮೊಮ್ಮಕ್ಕಳು ಬಂದು ಮಾತಾಡಿಸ್ತಾವೆ. ಸತ್ತ ದಿನ ಒಂದು ಕಣ್ಣು ಬಿಟ್ಕೊಂಡು ಮಲಗಿದ್ರೆ ನೋಡಕ್ಕೆ ಬಂದವರು ಹೆದರಲ್ವಾ? ಕೆಡಿಸಿದವಳು ನೀನು. ಬೇರೆಯವರ ಕೈಲಿ ಯಾಕೆ ಸರಿಮಾಡಿಸಲಿ?”

ಕಲೆಗಟ್ಟಿದ ರೆಪ್ಪೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ಹೊಸದಾಗಿ ಕೊಯ್ಯುವುದಕ್ಕಿಂತ ಹೆಚ್ಚು ನಾಜೂಕಿನ ಕೆಲಸ. ಯಾವ ಶಿಬಿರದಲ್ಲೂ ಅದನ್ನು ಅವರಿಗೆ ಕಲಿಸಿರಲಿಲ್ಲ. ಆ ದಿನ ಮಾಡುವುದು ಬೇಡವೆಂದು ತಡೆದು, ಎರಡು ತಿಂಗಳು ಕಲೆ ಮೆತ್ತಗಾಗಲು ತಿಕ್ಕುವ ಎಣ್ಣೆ ಕೊಟ್ಟು, ಆಮೇಲೆ ಬಂದು ಮಾಡಿದರು. ರೆಪ್ಪೆ ಇಳಿಯಿತು. ಅಂಚು ಕೊನೆಗೂ ನೇರವಾಗಲಿಲ್ಲವೆಂದು ಅವರೇ ಬೇಸರದಿಂದ ಹೇಳುತ್ತಿದ್ದರು; ಮುಚ್ಚುತ್ತದೆ ಎಂಬುದಷ್ಟೇ ಅವರ ಸಮಾಧಾನ.

ಆಮೇಲಿನ ಎರಡು ದಶಕಗಳ ಸೇವೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ದಕ್ಷಿಣದ ದ್ವೀಪಗಳಲ್ಲೆಲ್ಲ ಅವರ ಶಿಷ್ಯರು ಇಂದು ರೆಪ್ಪೆ ಮಗುಚುತ್ತಿದ್ದಾರೆ. ಹೌದೆಂಬ ಉತ್ತರ ಬರುವ ಪ್ರಶ್ನೆಯನ್ನು ಕತ್ತಿ ಕೈಯಲ್ಲಿದ್ದಾಗ ಕೇಳಬಾರದು ಎಂಬುದು ಅವರ ಮೊದಲ ನಿಯಮ, ಅದನ್ನು ಮುರಿದ ಶಿಷ್ಯರು ಒಂದು ವಾರ ಪಾತ್ರೆ ತೊಳೆದದ್ದುಂಟು. ಎರಡನೆಯ ನಿಯಮವೂ ನಮ್ಮ ಊರುಗಳಿಂದಲೇ ಹುಟ್ಟಿದ್ದು. ಮನೇಬಾಕ್ಕೆ ಬಂದ ಅತಿಥಿಗಳ ಕೊರಳಿಗೆ, ಕೈಗೆ ಊರಿನವರು ಪೌಡರು ಬಳಿದು ಅತ್ತರು ಸಿಂಪಡಿಸುತ್ತಾರಷ್ಟೆ. ಆ ಮರ್ಯಾದೆ ಮಾಡಿಸಿಕೊಂಡ ಕೈಯಲ್ಲೇ ಮಕ್ಕಳ ರೆಪ್ಪೆ ಮಗುಚಿದರೆ ಒಳಪೊರೆ ಕೆರಳಿ, ರೋಗವಿಲ್ಲದ ಮಗುವಿಗೂ ಕೆಂಪೇರುತ್ತದೆ. ಆದ್ದರಿಂದ ಮರ್ಯಾದೆ ಆಮೇಲೆ, ಪರೀಕ್ಷೆ ಮೊದಲು. ಈ ಸಣ್ಣ ಮಾತನ್ನು ಹಿರಿಯರ ಮನಸ್ಸು ನೋಯದಂತೆ ಒಪ್ಪಿಸುವುದಕ್ಕೆ ಅವರು ಪಟ್ಟ ಪಾಡು ಒಂದು ಪ್ರತ್ಯೇಕ ಲೇಖನಕ್ಕೆ ಆದೀತು.

ತರಗತಿಯಲ್ಲಿ ಅವರು ಕಟುವಾಗಿದ್ದರೆಂದು ದೂರುವವರು ಇದ್ದಾರೆ. ನಿಜ. ರಕ್ತ ಕಂಡು ಬವಳಿ ಬಂದು ಬಿದ್ದ ಒಬ್ಬ ವಿದ್ಯಾರ್ಥಿನಿಗೆ, “ಬಿದ್ದೆಯಲ್ಲ, ಸದ್ಯ ಪಕ್ಕಕ್ಕೆ ಬಿದ್ದೆ. ರೋಗಿ ಮೇಲೆ ಬೀಳಲಿಲ್ಲ, ಅಷ್ಟು ಕಲಿತಿದ್ದೀಯ,” ಎಂದವರು ಅವರು. ಆ ವಿದ್ಯಾರ್ಥಿನಿ ಈಗ ಅವರ ಸ್ಥಾನಕ್ಕೆ ಬರುತ್ತಿದ್ದಾರೆ.

ನಿವೃತ್ತರಿಗೆ ದೀರ್ಘಾಯುಸ್ಸನ್ನೂ, ದುಡಿಮೆ ಮುಂದುವರಿಯಲೆಂದೂ ಹಾರೈಸಿ ಇಂಥ ಲೇಖನವನ್ನು ಮುಗಿಸಬೇಕು. ಆ ಕೆಲಸವನ್ನು ನಮಗಿಂತ ಮೊದಲೇ, ನಮಗಿಂತ ಚೆನ್ನಾಗಿ ಒಬ್ಬರು ಮಾಡಿಬಿಟ್ಟಿದ್ದಾರೆ. ಕಳೆದ ತಿಂಗಳು ಬಕೋವಾ ಅಜ್ಜ ತೀರಿಕೊಂಡರು. ತುಂಬಿದ ವಯಸ್ಸು; ಹಿಂದಿನ ವಾರದವರೆಗೂ ದೋಣಿಮನೆಯಲ್ಲಿ ಕೂತು ಹುಡುಗರನ್ನು ಬೈಯುತ್ತಿದ್ದರಂತೆ. ನುಕುರೋವಾದಿಂದ ಫೋನು ಬಂದಾಗ ತೆರಾಕಾ ಅವರು ತರಗತಿಯಲ್ಲಿದ್ದರು. ಮಾತಾಡಿದವರು ರೂತಿಯಾ.

“ಬೆಳಗ್ಗೆ ಹೋದ್ರು ಮಗಳೇ. ನಿದ್ದೇಲೇ ಹೋದ್ರು. ಊರೆಲ್ಲ ಬಂದು ನೋಡಿದ್ರು.” ಮತ್ತೆ ಹೇಳಿದರು: “ಎರಡೂ ಮುಚ್ಚಿದ್ವು ಕಣೆ. ನಾನು ಕೈ ಹಚ್ಚಲೇ ಇಲ್ಲ, ತಾವಾಗೇ ಮುಚ್ಚಿದ್ವು. ನಿಂಗೆ ಹೇಳಬೇಕು ಅನ್ನಿಸ್ತು.”

ತೆರಾಕಾ ಅವರು ವಿದ್ಯಾರ್ಥಿಗಳ ಮುಂದೆಯೇ ಅತ್ತರು. ಅವರು ಅತ್ತದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ರೂತಿಯಾ ಅವರು ಆ ಕಡೆಯಿಂದ ಅಳು ಮುಗಿಯುವ ತನಕ ಕಾದು, ಆಮೇಲೆ, “ಅತ್ತಿದ್ದು ಸಾಕು. ಗಟ್ಟಿಯಾಗಿರು, ತುಂಬಾ ವರ್ಷ ಬಾಳು. ನನ್ನ ಕಣ್ಣೂ ಚುಚ್ಚಕ್ಕೆ ಶುರುವಾಗಿದೆ, ಕೀಳೋದಕ್ಕೆ ಈಗ ಮನೇಲಿ ಯಾರೂ ಇಲ್ಲ. ಯಾವಾಗ ಬರ್ತೀಯಾ?” ಎಂದರು.

ಸಂಪಾದಕ ಮಂಡಳಿಯ ಹಾರೈಕೆಯೂ ಇಷ್ಟೇ. ಬೀಳ್ಕೊಡುಗೆಯ ಮರುದಿನ ಹೊರಡುವ ನುಕುರೋವಾದ ದೋಣಿಗೆ ತೆರಾಕಾ ಅವರು ಹೆಸರು ಬರೆಸಿದ್ದಾರೆ.